ನಾಲ್ಕು ಬೆರಳು ಸಂದು

ಚಿನ್ನದ ಗಣಿಯ ಊರು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಒಬ್ಬ ಮೇಷ್ಟ್ರ ಮನೆಯ ಕಾರ್ ಶೆಡ್ಡಿಗೆ ಮೋಟಾರಿನ ಶಟರ್ ಬಂದದ್ದು ಸಂಕ್ರಾಂತಿ ಕಳೆದ ವಾರ. ಡಲ್ಲಾಸಿನಲ್ಲಿರುವ ಮಗಳು ದುಡ್ಡು ಕಳಿಸಿ, "ಇನ್ನು ಮೇಲೆ ಬಗ್ಗಿ ಎತ್ತೋದು ಬೇಡಪ್ಪಾ, ಬಟನ್ ಒತ್ತಿದರೆ ಸಾಕು" ಎಂದು ಹಟ ಹಿಡಿದು ಹಾಕಿಸಿದ್ದಳು. ಮೇಷ್ಟ್ರಿಗೆ ಅರವತ್ತೈದು. ಸೊಂಟದಲ್ಲಿ ಹಳೆಯ ನೋವು. ಹಿಂದಿನ ಕೈಶಟರಿನ ಸ್ಪ್ರಿಂಗು ಸವೆದುಹೋಗಿ, ಎತ್ತುವಾಗ ಅರ್ಧ ಭಾರ ಬೆನ್ನಿಗೇ ಬೀಳುತ್ತಿತ್ತು. ಹೊಸದು ಬಂದ ಮೇಲೆ ನಾಲ್ಕು ತಿಂಗಳು ಎಲ್ಲ ಸುಸೂತ್ರ. ಜೂನ್ ಬಂತು, ಶಟರು ಮೊಂಡು ಹಿಡಿಯಿತು.

ಇಳಿಯುವಷ್ಟು ಇಳಿದು, ನೆಲಕ್ಕೆ ಇನ್ನು ನಾಲ್ಕು ಬೆರಳು ಇದೆ ಎನ್ನುವಾಗ ಗಕ್ಕನೆ ನಿಂತು, ಯಾರೋ ಮೇಲಿನಿಂದ ಕೂಗಿದ ಹಾಗೆ ವಾಪಸ್ ಹೊರಟುಬಿಡುತ್ತಿತ್ತು. ಕೆಲವು ದಿನ ಅಷ್ಟೂ ಇಲ್ಲ, ಎರಡು ಪಟ್ಟಿ ಇಳಿಯುವಷ್ಟರಲ್ಲೇ ಹಿಂದಕ್ಕೆ. ಬೆಳಿಗ್ಗೆ ಅದರಷ್ಟು ವಿಧೇಯ ಇನ್ನೊಂದಿಲ್ಲ. ರಾತ್ರಿ ಊಟವಾದ ಮೇಲೆ ಒತ್ತಿದರೂ ತೆಪ್ಪಗೆ ಮುಚ್ಚಿಕೊಳ್ಳುತ್ತಿತ್ತು. ಸಂಜೆಯಾದರೆ ಮಾತ್ರ ಈ ಆಟ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವರಿಗೆ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು ಉತ್ತರ, ಸಂಜೆ ಇನ್ನೊಂದು ಉತ್ತರ ಬಂದರೆ ನಿದ್ದೆ ಹತ್ತುವುದುಂಟೆ? ಅವರು ಒಂದು ನೋಟ್‌ಬುಕ್ ತೆಗೆದು ಮೂರು ಕಾಲಂ ಗೀಚಿದರು: ತಾರೀಕು, ವೇಳೆ, ಏನಾಯಿತು.

ಬಂಗಾರಪೇಟೆ ಸೀಮೆಯಲ್ಲಿ ಬೆಳೆದವರಿಗೆ ಶಟರಿನ ಸದ್ದು ಗಡಿಯಾರವಿದ್ದ ಹಾಗೆ. ಬಜಾರಿನಲ್ಲಿ ಮೊದಲು ಏಳುವುದು ಟೀ ಅಂಗಡಿಯದು, ಮುಂಜಾವದ ರೈಲಿಗೆ ಹೋಗುವವರಿಗಾಗಿ. ಆಮೇಲೆ ಹೂವಿನವರು, ದಿನಸಿಯವರು. ಜವಳಿ ಅಂಗಡಿಗಳು ಹತ್ತಕ್ಕೆ. ಪ್ರತಿಯೊಂದಕ್ಕೂ ಅದರದೇ ದನಿ. ಗ್ರೀಸು ಕಂಡದ್ದು ಸರ್ರನೆ ಏರುತ್ತದೆ, ಕಾಣದ್ದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ಕೊನೆಗೆ ಇಳಿಯುವುದು ಪಾನಿಪುರಿಯವರದು. ಬಂಗಾರಪೇಟೆಯ ಪಾನಿಪುರಿಯ ನೀರಿಗೆ ಹಸಿರು ಬಣ್ಣವಿಲ್ಲ. ಬಾವಿಯ ನೀರಿನಷ್ಟು ತಿಳಿಯಾಗಿರುವ ಅದು ಬಾಯಿಗೆ ಹೋದ ಮೇಲಷ್ಟೇ ತನ್ನ ಖಾರ ಹೇಳುತ್ತದೆ. ಅದಕ್ಕೆಂದೇ ಬೆಂಗಳೂರಿನಿಂದ ಬರುವವರಿದ್ದಾರೆ, ಹಾಗಾಗಿ ಅಲ್ಲಿ ಶಟರ್ ಎಳೆಯುವ ಹೊತ್ತಿಗೆ ರಾತ್ರಿ ತುಂಬ ಆಗಿರುತ್ತದೆ. ಉದ್ದ ಕೋಲಿನ ತುದಿಯ ಕೊಕ್ಕೆ ಸಿಕ್ಕಿಸಿ ಎಳೆದು, ಕೊನೆಯ ಒಂದು ಮೊಳವನ್ನು ಕಾಲಲ್ಲಿ ಒತ್ತಿ, ಎರಡೂ ಬದಿಗೆ ಬೀಗ ಜಡಿಯುವುದು. ಆ ಕಾಲಲ್ಲಿ ಒತ್ತುವ ಕ್ರಿಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಗೆ ಅದು ಬೇಕಾಗುತ್ತದೆ.

ಮೊದಲು ಬಂದ ರಿಪೇರಿಯವರು ಏಣಿ ಹತ್ತಿ ಲಿಮಿಟ್ ಸರಿಮಾಡಿದರು. ಮೋಟಾರಿನ ಶಟರಿಗೆ ಎಲ್ಲಿ ನಿಲ್ಲಬೇಕೆಂದು ಕಣ್ಣಿಲ್ಲ, ಲೆಕ್ಕ ಇದೆ. ಮೇಲಿನ ಉರುಳೆ ಎಷ್ಟು ಸುತ್ತು ಸುತ್ತಿದರೆ ಶಟರಿನ ತುದಿ ನೆಲ ಮುಟ್ಟುತ್ತದೆ ಎಂಬುದನ್ನು ಮೊದಲೇ ಹೇಳಿಟ್ಟಿರಬೇಕು. ಅಷ್ಟು ಸುತ್ತಿಗೆ ಒಂದು ಸ್ವಿಚ್ಚು ಮೋಟಾರನ್ನು ನಿಲ್ಲಿಸುತ್ತದೆ. ಕೆಳಗಿನ ಲಿಮಿಟ್ ಹೆಚ್ಚು ಕೊಟ್ಟರೆ ಶಟರು ನೆಲವನ್ನೇ ಅಡ್ಡಿ ಎಂದು ತಿಳಿದು ವಾಪಸಾಗುತ್ತದೆ, ಕಡಿಮೆ ಕೊಟ್ಟರೆ ಸಂದು ಉಳಿಯುತ್ತದೆ. ಇದು ಗೊತ್ತಿದ್ದ ಅವರು ಕಾಲು ಸುತ್ತು ತಿರುಗಿಸಿ ಇಳಿದರು. ಬೆಳಗಿನ ಹತ್ತು ಗಂಟೆ. ಶಟರು ಮೂರು ಸಲ ಮುಚ್ಚಿತು, ಮೂರು ಸಲ ತೆರೆಯಿತು, ಅವರು ದುಡ್ಡು ತೆಗೆದುಕೊಂಡು ಹೋದರು. ಸಂಜೆ ಯಥಾಪ್ರಕಾರ. ಎರಡನೆಯವರು ಬಂದು ರಿಮೋಟಿನ ಸೆಲ್ ಬದಲಿಸಿದರು. ಅವರೂ ಬಂದದ್ದು ಬೆಳಿಗ್ಗೆಯೇ.

ಸಂಜೆಗೆ ಬಾಗಿಲು ಮುಚ್ಚದಿದ್ದರೆ ಆ ಮನೆಯಲ್ಲಿ ಹೆಚ್ಚು ಕಸಿವಿಸಿಪಡುವವರು ಮೇಷ್ಟ್ರ ತಾಯಿ. ಎಂಬತ್ತಾರು ವರ್ಷ. ಕಣ್ಣು ಮಂಜು, ಕಿವಿ ಚುರುಕು. ಶಟರು ಹಿಂದಕ್ಕೆ ಹೋಗುವ ಸದ್ದು ಕೇಳಿದೊಡನೆ ಅಡುಗೆಮನೆಯಿಂದಲೇ, "ಯಾಕೋ, ಮತ್ತೆ ತೆಗೆದೆಯಾ? ಮುಚ್ಚೋ ಮೊದಲು" ಎನ್ನುತ್ತಿದ್ದರು. ಕಳ್ಳಕಾಕರ ಭಯ ಅವರಿಗಿರಲಿಲ್ಲ. ಅವರ ಗಂಡ ಮೂವತ್ತು ವರ್ಷ ಬಾಗಿಲು ಮುಚ್ಚುವ ಕೆಲಸ ಮಾಡಿದವರು, ಅದೂ ಗಣಿಯಲ್ಲಿ.

ಚಾಂಪಿಯನ್ ರೀಫಿನ ಗಿಫರ್ಡ್ ಶಾಫ್ಟಿನ ಬಾಯಲ್ಲಿ ನಿಂತು, ಕೆಳಗಿಳಿಯುವವರನ್ನು ಕೇಜಿನೊಳಗೆ ಲೆಕ್ಕ ಹಾಕಿ ತುಂಬಿ, ಕೇಜಿನ ಬಾಗಿಲು ಹಾಕಿ, ಶಾಫ್ಟಿನ ಗೇಟು ಹಾಕಿ, ಆಮೇಲೆ ಗಂಟೆ ಹೊಡೆಯುವುದು ಅವರ ಕೆಲಸ. ಗಂಟೆಯ ಎಣಿಕೆ ಕೇಳಿಸಿಕೊಂಡು ಎಂಜಿನ್ ಮನೆಯ ಡ್ರೈವರು ದೊಡ್ಡ ಉರುಳೆ ತಿರುಗಿಸುತ್ತಿದ್ದ. ಉಕ್ಕಿನ ಹಗ್ಗ ಬಿಚ್ಚಿಕೊಂಡು ಕೇಜು ಪಾತಾಳಕ್ಕೆ ಇಳಿಯುತ್ತಿತ್ತು. ಡ್ರೈವರಿಗೆ ಕೇಜು ಕಾಣುವುದಿಲ್ಲ, ಅವನಿಗೆ ಕಾಣುವುದು ಆಳ ತೋರಿಸುವ ಮುಳ್ಳು ಮಾತ್ರ. ಮೇಷ್ಟ್ರ ಶೆಡ್ಡಿನ ಮೇಲಿರುವ ಒಂದು ಗೇಣು ದಪ್ಪದ ಉರುಳೆ, ಅದರ ಸುತ್ತಿನ ಲೆಕ್ಕ, ಲಿಮಿಟ್ ಸ್ವಿಚ್ಚು, ಎಲ್ಲವೂ ಆ ದೊಡ್ಡ ಉರುಳೆಯ ಮೊಮ್ಮಕ್ಕಳೇ. ಕೇಜು ಮಿತಿ ಮೀರಿ ಏರಿ ಮೇಲಿನ ಗಾಲಿಗೆ ಬಡಿಯದಂತೆ ಗಣಿಯಲ್ಲೂ ಎಂಜಿನನ್ನು ತಾನಾಗಿ ನಿಲ್ಲಿಸುವ ಏರ್ಪಾಡಿತ್ತು.

ಅಪ್ಪ ಮನೆಯಲ್ಲಿ ಗಣಿಯ ಮಾತು ಆಡುತ್ತಿದ್ದುದು ಕಡಿಮೆ. ಆದರೆ ಗಾಳಿಬಾಗಿಲಿನ ವಿಷಯ ಬಂದರೆ ಕೈ ಆಡಿಸಿ ಹೇಳುತ್ತಿದ್ದರಂತೆ. 3 ಕಿಲೋಮೀಟರಿಗೂ ಕೆಳಗೆ, ಬಂಡೆಯೇ 65 ಡಿಗ್ರಿ ಕಾಯುವ ಕಡೆ, ಮನುಷ್ಯ ಬದುಕುವುದು ಮೇಲಿನಿಂದ ತಳ್ಳಿದ ಗಾಳಿಯಿಂದ. ಗಾಳಿಗೆ ದಾರಿ ತಪ್ಪಬಾರದು ಎಂದು ಸುರಂಗದಲ್ಲಿ ಬಾಗಿಲುಗಳನ್ನು ಇಡುತ್ತಾರೆ. ಒಂದರ ಹಿಂದೆ ಒಂದು, ಎರಡೆರಡು. ಮೊದಲನೆಯದನ್ನು ತೆಗೆದು ಒಳಗೆ ಬಂದು, ಅದನ್ನು ಮುಚ್ಚಿದ ಮೇಲೇ ಎರಡನೆಯದಕ್ಕೆ ಕೈ ಹಾಕಬೇಕು. ಯಾರೋ ಒಬ್ಬ ಅವಸರದಲ್ಲಿ ಎರಡನ್ನೂ ತೆರೆದು ಹೋದರೆ, ಎಲ್ಲೋ ದೂರದಲ್ಲಿ ಕಲ್ಲು ಕೊರೆಯುತ್ತಿರುವ ಇನ್ಯಾರಿಗೋ ಉಸಿರು ಕಟ್ಟುತ್ತದೆ. ಆ ಮನೆಯ ಮಕ್ಕಳು ಹಿತ್ತಲ ಬಾಗಿಲನ್ನೂ ಬೀದಿಬಾಗಿಲನ್ನೂ ಒಟ್ಟಿಗೆ ತೆರೆದಿಟ್ಟು ಓಡಾಡಿದರೆ ಬೈಗುಳ ಬೀಳುತ್ತಿದ್ದುದು ಅದಕ್ಕೇ.

ಇದೇ ಊರಿನಲ್ಲಿ ಬಾಗಿಲುಗಳು ಮುಚ್ಚದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಏರ್‌ಬ್ಲಾಸ್ಟ್. ಆಳದಲ್ಲಿ ಚಿನ್ನದ ಅದಿರು ತೆಗೆದ ಜಾಗ ಖಾಲಿಯಾದಂತೆ ಸುತ್ತಲ ಬಂಡೆಯ ಮೇಲೆ ಭಾರ ಏರಿ ಏರಿ, ಒಂದು ಗಳಿಗೆಯಲ್ಲಿ ಅದು ಸಿಡಿಯುತ್ತಿತ್ತು. ಮೇಲೆ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ನೆಲುವಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಹೆಂಗಸರು ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದು, ಯಾವ ಶಾಫ್ಟಿನ ಕಡೆ ಜನ ಓಡುತ್ತಿದ್ದಾರೆ ಎಂದು ನೋಡುತ್ತಿದ್ದರು. 1962ರಲ್ಲಿ ಚಾಂಪಿಯನ್ ರೀಫಿನಲ್ಲಿ ಅಂಥ ದೊಡ್ಡದೊಂದು ಆದಾಗ ಮೇಷ್ಟ್ರು ಎರಡು ವರ್ಷದ ಕೂಸು. ತಾಯಿ ಕೂಸನ್ನೆತ್ತಿಕೊಂಡು ಹೊರಗೆ ನಿಂತರು. ಅಪ್ಪ ಮಾರನೆಯ ದಿನ ಮಧ್ಯಾಹ್ನ ಮನೆಗೆ ಬಂದರು. ಬಂದವರು ಬಾಗಿಲು ಹಾಕಲು ಹೋದರೆ ಅದು ಚೌಕಟ್ಟಿಗೆ ಕೂರಲಿಲ್ಲ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು, ಚೌಕಟ್ಟು ಒಂದು ಕಡೆಗೆ ವಾಲಿತ್ತು. ಬಡಗಿ ಬಂದು ಕೀಸುಳಿ ಹಿಡಿದು ಮೇಲಿನ ಮೂಲೆಯನ್ನು ಸವರಿಕೊಟ್ಟ. ಆಮೇಲೆ ಆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಆದರೆ ಅಡಿಯಲ್ಲಿ ಸಂದು ಉಳಿಯಿತು. ಆ ಸಂದಿಗೆ ತಾಯಿ ಏನು ಮಾಡಿದರು ಎಂಬುದು ಕೊನೆಗೆ ಬರುತ್ತದೆ.

ಈ ಬಂಡೆ ಸಿಡಿತವನ್ನು ಓದುವುದಕ್ಕೆಂದೇ ಕೆಜಿಎಫ್‌ನಲ್ಲಿ ನೆಲದ ನಡುಕ ಅಳೆಯುವ ಉಪಕರಣಗಳ ಜಾಲ ಕೂತಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಹುಟ್ಟಿತು. ಚಿನ್ನಕ್ಕಿಂತ ಹೆಚ್ಚು ಕಾಲ ಉಳಿದ ವಿದ್ಯೆ ಅದು. ದೇಶದ ಎಷ್ಟೋ ಅಣೆಕಟ್ಟು, ಸುರಂಗಗಳ ಕೆಲಸಕ್ಕೆ ಅಲ್ಲಿನವರು ಹೋಗಿ ಬಂದಿದ್ದಾರೆ.

ಮೂರನೆಯ ರಿಪೇರಿಗೆ ಬಂದವನು ಬಂಗಾರಪೇಟೆಯ ಹುಡುಗ. ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಬೈಕಿನ ಹಿಂದೆ ಟೂಲ್ಸ್ ಪೆಟ್ಟಿಗೆ ಕಟ್ಟಿಕೊಂಡು ನಾಲ್ಕಕ್ಕೆ ಬರುತ್ತೇನೆಂದವನು ಐದಕ್ಕೆ ಬಂದ. "ಗೇಟ್ ಬಿತ್ತು ಸಾರ್, ಎರಡು ಗಾಡಿ ಬಿಟ್ಟ ಮೇಲೆ ತೆಗೆದರು" ಎಂದ. ಆ ಸೀಮೆಯಲ್ಲಿ ತಡವಾದದ್ದಕ್ಕೆ ರೈಲ್ವೆ ಗೇಟಿಗಿಂತ ಪ್ರಾಮಾಣಿಕ ಕಾರಣ ಇನ್ನೊಂದಿಲ್ಲ. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹೋಗುವ ಹಳಿ 1864ರಷ್ಟು ಹಳೆಯದು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿನಿಂದ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರು ಬಂತು, ಅದೇ ಮುಂದೆ ಬಂಗಾರಪೇಟೆ ಆಯಿತು. ಗಣಿಗಾಗಿ ಅಲ್ಲಿಂದ ಮಾರಿಕುಪ್ಪಂಗೆ ಕವಲು ಹಳಿ ಬಂದದ್ದು 1894ರಲ್ಲಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಹೀಗೆ ಗಣಿಗಳ ಹೆಸರೇ ಸ್ಟೇಷನ್ನುಗಳ ಹೆಸರು. ಕೆಳಗೆ ಇಳಿಯುತ್ತಿದ್ದವರ ಮಕ್ಕಳು ಇವತ್ತು ಅದೇ ಹಳಿಯ ಮೇಲೆ ಕತ್ತಲಿರುವಾಗಲೇ ಬೆಂಗಳೂರಿಗೆ ಹೊರಡುತ್ತಾರೆ, ಕತ್ತಲಾದ ಮೇಲೆ ವಾಪಸಾಗುತ್ತಾರೆ. ಆ ರೈಲಿನ ಬಾಗಿಲುಗಳು ಮುಚ್ಚಿದ್ದನ್ನು ಕಂಡವರು ಕಡಿಮೆ. ಮೆಟ್ಟಿಲ ಮೇಲೆ ಇಬ್ಬರು ಕೂತಿರುತ್ತಾರೆ, ಅವರ ಹಿಂದೆ ನಾಲ್ವರು ನಿಂತಿರುತ್ತಾರೆ.

ಹುಡುಗನ ತಾತ ಗೇಟ್‌ಮ್ಯಾನ್ ಆಗಿದ್ದನಂತೆ. ಕಾಫಿ ಕುಡಿಯುತ್ತ ಹುಡುಗ ಹೇಳಿದ: "ಗೇಟು ಪೂರ್ತಿ ಕೂತು ಬೀಗ ಬೀಳಬೇಕು ಸಾರ್. ಆ ಬೀಗ ಬಿದ್ದರೇನೇ ಕೈಮರ ಬೀಳೋದು. ಒಂದಿಂಚು ನಿಂತುಬಿಟ್ಟರೂ ಅಷ್ಟೇ, ಗಾಡಿ ದೂರದಲ್ಲೇ ನಿಲ್ಲತ್ತೆ. ಒಂದ್ಸಲ ಎತ್ತಿನ ಗಾಡಿಯಿಂದ ಬಿದ್ದ ಕಬ್ಬಿನ ಜಲ್ಲೆ ಸಿಕ್ಕಾಕ್ಕೊಂಡು ನಮ್ಮ ತಾತ ಮದ್ರಾಸ್ ಮೈಲನ್ನ ನಿಲ್ಲಿಸಿದ್ದ." ಗೇಟು ಮುಚ್ಚದೆ ಸಿಗ್ನಲ್ ಇಲ್ಲ, ಸಿಗ್ನಲ್ ಇರುವವರೆಗೆ ಗೇಟು ತೆರೆಯುವಂತಿಲ್ಲ. ಒಂದಕ್ಕೊಂದು ಹೀಗೆ ಬೆಸೆದಿರುವುದನ್ನು ಕೇಳಿ ಮೇಷ್ಟ್ರಿಗೆ ತಮ್ಮ ಅಪ್ಪನ ಕೇಜಿನ ಬಾಗಿಲು ನೆನಪಾಯಿತು. ಗಂಟೆಯ ಕತೆ ಹೇಳಿದರು. ಹುಡುಗ ಕಾಫಿ ಲೋಟ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ರಿಪೇರಿ ಶುರುವಾಗಲು ಇನ್ನೂ ಅರ್ಧ ಗಂಟೆ ತಡವಾಯಿತು, ಆದರೆ ಆ ತಡದಿಂದಲೇ ಕೆಲಸ ಆಯಿತು.

ಆಗಲೇ ಡಲ್ಲಾಸಿನಿಂದ ಮಗಳ ಫೋನು. ಅಲ್ಲಿ ಬೆಳಿಗ್ಗೆ. ಅವಳ ಮನೆಯಲ್ಲಿ ಗ್ಯಾರೇಜಿನ ಬಾಗಿಲೇ ಮುಂಬಾಗಿಲಿದ್ದಂತೆ, ಮನೆಯವರೆಲ್ಲ ಅಲ್ಲಿಂದಲೇ ಒಳಗೆ ಹೊರಗೆ. ಆ ಬಾಗಿಲಿಗೂ ಒಂದು ಚರಿತ್ರೆಯಿದೆ. ಮೇಲಕ್ಕೆ ಮಡಚಿಕೊಂಡು ಹೋಗುವ ಬಾಗಿಲನ್ನು 1921ರಲ್ಲಿ, ಅದನ್ನೆತ್ತುವ ವಿದ್ಯುತ್ ಯಂತ್ರವನ್ನು 1926ರಲ್ಲಿ ಮಾಡಿದವನು ಸಿ. ಜಿ. ಜಾನ್ಸನ್ ಎಂಬ ಅಮೆರಿಕದವನು. ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂದು ಗಣಿಯ ಯಂತ್ರಗಳನ್ನು ತಿರುಗಿಸಲು ಶುರುಮಾಡಿ ಆ ಹೊತ್ತಿಗೆ 24 ವರ್ಷವಾಗಿತ್ತು. 1902ರಲ್ಲೇ ಬಂದದ್ದು ಅದು, ಬೆಂಗಳೂರಿಗೂ ಮೊದಲೇ. ಅಮೆರಿಕದಲ್ಲಿ ತಾನಾಗಿ ಇಳಿಯುವ ಬಾಗಿಲಡಿ ಸಿಕ್ಕಿ ಮಕ್ಕಳು ಸತ್ತರು. ಒಂದಲ್ಲ, ಎರಡಲ್ಲ. ಆಮೇಲೆ ಅಲ್ಲಿನ ಸರ್ಕಾರ 1993ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಿಗೆಲ್ಲ ಕಣ್ಣನ್ನೋ ಅಂಥ ಬೇರೆ ಕಾವಲನ್ನೋ ಇಡಲೇಬೇಕೆಂದು ಕಟ್ಟು ಮಾಡಿತು. ಕಣ್ಣು ಎಂದರೆ ಎರಡೂ ಬದಿಯ ಕಂಬಕ್ಕೆ ಕೂರಿಸಿದ ಪುಟ್ಟ ಡಬ್ಬಿಗಳು. ಒಂದು ಕಣ್ಣಿಗೆ ಕಾಣದ ಬೆಳಕಿನ ಗೆರೆ ಬಿಡುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ಗೆರೆ ತುಂಡಾದರೆ ಬಾಗಿಲು ವಾಪಸ್. ನೆಲದಿಂದ 6 ಇಂಚಿಗಿಂತ ಎತ್ತರದಲ್ಲಿ ಅದನ್ನು ಇಡಬಾರದು. ಅಂಬೆಗಾಲಿಡುವ ಕೂಸು, ಮಲಗಿದ ಬೆಕ್ಕು ಸಿಗುವ ಎತ್ತರ ಅದು. ಗೆರೆಗೂ ಸಿಗದಷ್ಟು ಕೆಳಗಿರುವುದಕ್ಕೆ ಇನ್ನೊಂದು ರಕ್ಷಣೆ ಇದೆ. ಒಂದೂವರೆ ಇಂಚು ದಪ್ಪದ ಮರದ ಹಲಗೆಯನ್ನು ಬಾಗಿಲಡಿ ಅಡ್ಡ ಮಲಗಿಸಿ ಮುಚ್ಚಿದರೆ, ಹಲಗೆ ತಾಗಿದ ತಕ್ಷಣ ಬಾಗಿಲು ಹಿಂದಕ್ಕೆ ಹೋಗಬೇಕು.

"ಅಪ್ಪಾ, ಎರಡೂ ಡಬ್ಬಿಯ ಲೈಟು ಉರೀತಿದೆಯಾ ನೋಡಿ. ಒಂದು ಮಿಣುಕ್ತಿದ್ದರೆ ಎರಡೂ ಒಂದನ್ನೊಂದು ನೋಡ್ತಿಲ್ಲ ಅಂತ" ಎಂದಳು ಮಗಳು.

ಹುಡುಗ ಏಣಿ ಇಳಿಸಲೇ ಇಲ್ಲ. ಮೇಷ್ಟ್ರ ನೋಟ್‌ಬುಕ್ ಕೇಳಿ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದ. ಆಮೇಲೆ ಹೇಳಿದ: "ಸಾರ್, ಇದು ಒಂದು ಕಾಯಿಲೆ ಅಲ್ಲ. ನೋಡಿ, ಐದೂ ಮುಕ್ಕಾಲು, ಆರು ಅಂತಿರೋ ದಿನ ಎಲ್ಲ ಅರ್ಧಕ್ಕೇ ವಾಪಸ್ ಅಂತ ಬರೆದಿದ್ದೀರಿ. ಆರೂವರೆ, ಆರೂ ಮುಕ್ಕಾಲು ಇರೋ ಕಡೆ ನಾಲ್ಕು ಬೆರಳು ಅಂತ ಬರೆದಿದ್ದೀರಿ." ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ರಾಬರ್ಟ್‌ಸನ್‌ಪೇಟೆಯಲ್ಲಿ ಟ್ಯೂಷನ್ ಒಂದೇ ಬ್ಯಾಚು ಇದ್ದ ದಿನ ಬೇಗ ಬರುತ್ತಿದ್ದರು, ಎರಡು ಬ್ಯಾಚು ಇದ್ದ ದಿನ ತಡ. ಅವರೇ ಬರೆದ ಅಂಕಿಗಳು ಎರಡು ಗುಂಪಾಗಿ ಬೇರೆಬೇರೆ ನಿಂತಿದ್ದವು. ಅವರು ಹುಡುಗನ ಭುಜ ತಟ್ಟಿದರು. ಹುಡುಗನಿಗೆ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎಷ್ಟು ಬಂದಿತ್ತೋ ಗೊತ್ತಿಲ್ಲ, ಆ ಸಂಜೆ ಮೇಷ್ಟ್ರು ಅವನಿಗೆ ಪೂರ್ತಿ ಅಂಕ ಕೊಟ್ಟರು.

ಐದೂ ಮುಕ್ಕಾಲಾಯಿತು. ಹುಡುಗ ಶೆಡ್ಡಿನ ನೆಲದ ಮೇಲೆ ಒಂದು ಕಡೆಗೆ ಮಲಗಿ, ಕೆನ್ನೆಯನ್ನು ಸಿಮೆಂಟಿಗೆ ತಾಗಿಸಿ ಪೂರ್ವದ ಕಂಬದ ಡಬ್ಬಿಯನ್ನು ನೋಡುತ್ತಿದ್ದ. ಅಲ್ಲಿನ ಹಸಿರು ಲೈಟು ಸ್ಥಿರವಾಗಿ ಉರಿಯುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಬಿಸಿಲಿನ ಒಂದು ಪಟ್ಟೆ ನಿಧಾನಕ್ಕೆ ಸರಿಯುತ್ತ ಬಂದು ಡಬ್ಬಿಯ ಗಾಜನ್ನು ಮುಟ್ಟಿತು. ಲೈಟು ಮಿಣುಕಿತು. ಹುಡುಗ ಅಂಗೈ ಅಡ್ಡ ಹಿಡಿದ, ಲೈಟು ನಿಂತಿತು. ಕೈ ತೆಗೆದ, ಮತ್ತೆ ಮಿಣುಕಿತು. ನಾಲ್ಕೈದು ಸಲ ಹೀಗೆ ಮಾಡಿ ತೋರಿಸಿ, "ಸೂರ್ಯ ಸಾರ್" ಎಂದ.

ಗೆರೆ ಹಿಡಿಯುವ ಡಬ್ಬಿಯ ಮುಖ ಪಡುವಣಕ್ಕಿತ್ತು. ನೇರ ಬಿಸಿಲು ಬಿದ್ದಾಗ ಅದಕ್ಕೆ ಕಣ್ಣು ಕೋರೈಸಿ, ಎದುರಿನ ಡಬ್ಬಿಯ ಸಣ್ಣ ಗೆರೆ ಕಾಣದೆ, ನಡುವೆ ಏನೋ ಅಡ್ಡ ಬಂದಿದೆ ಎಂದು ತಿಳಿಯುತ್ತಿತ್ತು. ಹಾಗಾದರೆ ಜನವರಿಯಿಂದ ಮೇವರೆಗೆ ಯಾಕೆ ಸುಮ್ಮನಿತ್ತು? ಇದಕ್ಕೆ ಉತ್ತರ ಹೇಳುವ ಸರದಿ ಮೇಷ್ಟ್ರದು. ಶೆಡ್ಡಿನ ಬಾಗಿಲು ಬಡಗಣಕ್ಕೆ. ಸಂಕ್ರಾಂತಿಯ ಹೊತ್ತಿಗೆ ಸೂರ್ಯ ತೆಂಕಣಕ್ಕೆ ವಾಲಿ ಮುಳುಗುತ್ತಾನೆ, ಮನೆಯೇ ಅಡ್ಡವಾಗಿ ಬಾಗಿಲು ನೆರಳಲ್ಲಿರುತ್ತದೆ. ಉತ್ತರಾಯಣ ಮುಗಿಯುವ ಜೂನ್ 21ರ ಆಸುಪಾಸಿನಲ್ಲಿ ಅವನು ಮುಳುಗುವುದು ಪಡುವಣದಿಂದ ಸುಮಾರು 24 ಡಿಗ್ರಿ ಬಡಗಲಿಗೆ ಸರಿದು. ಆಗ ಮಾತ್ರ ಬಡಗಣ ಬಾಗಿಲಿನೊಳಗೆ ಸಂಜೆಬಿಸಿಲು ಓರೆಯಾಗಿ ನುಗ್ಗುತ್ತದೆ. ಮೇಷ್ಟ್ರು ಕಾರಿನ ಧೂಳಿನ ಮೇಲೆ ಬೆರಳಲ್ಲೇ ಚಿತ್ರ ಬರೆದು ವಿವರಿಸಿದರು. ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಕೋನ ಅಳೆದವರಿಗೆ ಒಂದು ಕೋನ ತಾನಾಗಿ ಮನೆಗೆ ಬಂದಿತ್ತು. ಆ ಹೊತ್ತಿನ ಅವರ ಮುಖ ನೋಡುವಂತಿತ್ತು.

ಪರಿಹಾರ ಸರಳ. ಹುಡುಗ ಡಬ್ಬಿಗಳನ್ನು ಅದಲುಬದಲು ಮಾಡಿದ. ಬಿಡುವುದು ಪೂರ್ವಕ್ಕೆ, ಹಿಡಿಯುವುದು ಪಶ್ಚಿಮಕ್ಕೆ. ಈಗ ಸಂಜೆಸೂರ್ಯ ಅದರ ಬೆನ್ನಿಗೆ. "ಬೆಳಗಿನ ಬಿಸಿಲು ಮುಖಕ್ಕೆ ಬರಲ್ವೇನಪ್ಪಾ?" ಎಂದರು ಮೇಷ್ಟ್ರು. ಹುಡುಗ ಮೂಡಲ ಕಡೆಯ ಹುಣಸೆ ಮರವನ್ನು ತೋರಿಸಿದ. ಬರುವಾಗಲೇ ಅದನ್ನು ನೋಡಿಟ್ಟುಕೊಂಡಿದ್ದ. ಆಮೇಲೆ ಬಟ್ಟೆ ತೆಗೆದು ಎರಡೂ ಗಾಜನ್ನು ಒರೆಸಿದ. ಬಟ್ಟೆಗೆ ಬೂದುಹಳದಿಯ ಪುಡಿ ಅಂಟಿತು, ಹಿಟ್ಟಿನಷ್ಟು ನಯ. ಶಟರಿನ ಚಾನೆಲ್ಲಿನೊಳಗೆ ಬೆರಳು ಹಾಕಿದರೆ ಅಲ್ಲೂ ಅದೇ, ಗ್ರೀಸಿಗೆ ಸೇರಿ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನ ತುದಿಯಲ್ಲಿ ಎಬ್ಬಿ ಎಬ್ಬಿ ತೆಗೆದ. ಒಂದು ಬೊಗಸೆಯಾಯಿತು.

ಈ ಪುಡಿ ಯಾವುದೆಂದು ಕೆಜಿಎಫ್‌ನ ಮಗುವೂ ಹೇಳುತ್ತದೆ. ಸೈನೈಡ್ ದಿಬ್ಬದ್ದು. ಪಾತಾಳದಿಂದ ತಂದ ಕಲ್ಲನ್ನು ಹಿಟ್ಟು ಮಾಡಿ, ಸೈನೈಡಿನ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ನೂರು ವರ್ಷ ಗುಡ್ಡೆ ಹಾಕಿದರು. ಸುಮಾರು 800 ಟನ್ ಚಿನ್ನ ಊರು ದಾಟಿ ಹೋಯಿತು, ಹಿಟ್ಟು ಇಲ್ಲೇ ಉಳಿಯಿತು. 13 ದಿಬ್ಬಗಳು, ಸಾವಿರ ಎಕರೆಗೂ ಮಿಗಿಲಾದ ಜಾಗ, 3 ಕೋಟಿ ಟನ್ನಿಗೂ ಹೆಚ್ಚು. ಆ ಹಿಟ್ಟಿನಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮುಚ್ಚಿತು ಎನ್ನುವ ಮಾತನ್ನು ಊರಿನವರು ಇವತ್ತಿಗೂ ಸ್ವಲ್ಪ ತಡೆದು ಹೇಳುತ್ತಾರೆ. ಕೇಜುಗಳು ನಿಂತವು. ಪಂಪುಗಳು ನಿಂತು ಸುರಂಗಗಳಿಗೆ ನೀರು ತುಂಬಿತು. ನೀರು ತುಂಬುತ್ತಿದ್ದ ವರ್ಷಗಳಲ್ಲೂ ನೆಲ ಒಮ್ಮೊಮ್ಮೆ ನಡುಗಿತು. ಲೈನ್ ಮನೆಗಳ ಹಕ್ಕಿಗಾಗಿ ಅರ್ಜಿ ಹಿಡಿದವರು ಇನ್ನೂ ಓಡಾಡುತ್ತಿದ್ದಾರೆ. ಆಷಾಢದ ಗಾಳಿ ಎದ್ದರೆ ದಿಬ್ಬ ಎದ್ದು ಮನೆಯೊಳಗೆ ಬರುತ್ತದೆ.

ಹುಡುಗ ಕೈ ತೊಳೆದ. ಆರು ಗಂಟೆಗೆ ಶಟರು ಹೂವಿನ ಹಾಗೆ ಇಳಿದು ನೆಲ ಮುಟ್ಟಿತು. ಮತ್ತೆ ತೆರೆದಿಟ್ಟು ಎಲ್ಲರೂ ಒಳಗೆ ಹೋದರು. ಎರಡನೆಯ ಕಾಯಿಲೆಯನ್ನು ನೋಡದೆ ಹೋಗುವುದಿಲ್ಲ ಎಂದು ಹುಡುಗ ಕೂತೇ ಇದ್ದ. ಆರೂವರೆಗೆ ಮೇಷ್ಟ್ರ ತಾಯಿ ದೇವರಿಗೆ ದೀಪ ಹಚ್ಚಿದರು. ಆರೂ ನಲವತ್ತಕ್ಕೆ ಮೇಷ್ಟ್ರು ಜಗುಲಿಯಲ್ಲಿ ನಿಂತು, ದಿನವೂ ಮಾಡುವ ಹಾಗೆಯೇ, ರಿಮೋಟ್ ಒತ್ತಿದರು. ಶಟರು ಇಳಿಯಿತು. ನಾಲ್ಕು ಬೆರಳು ಇದೆ ಎನ್ನುವಾಗ ನಿಂತಿತು. ವಾಪಸ್ ಹೊರಟಿತು.

ಆದರೆ ಆ ಸಲ ಹುಡುಗ ಜಗುಲಿಯಲ್ಲಿರಲಿಲ್ಲ. ಅಡುಗೆಮನೆಯಿಂದ ಶೆಡ್ಡಿಗೆ ಇರುವ ಒಳಬಾಗಿಲಲ್ಲಿ, ಕಾರಿನ ಈಚೆ ನಿಂತಿದ್ದ. ಅವನು ನೋಡಿದ್ದು ಇದು: ದೀಪ ಹಚ್ಚಿದ ಮೇಲೆ ಅಜ್ಜಿ ಗೋಡೆಯ ಮೊಳೆಯಿಂದ ಒಂದು ಗೋಣಿಚೀಲ ತೆಗೆದರು. ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಸುರುಳಿ ಸುತ್ತಿ, ಕಾರಿನ ಪಕ್ಕದಿಂದ ಗೋಡೆ ಹಿಡಿದುಕೊಂಡು ಹೋಗಿ, ಹೊಸ್ತಿಲಿನ ಉದ್ದಕ್ಕೂ ಹಾಸಿದರು. ಸರಿಯಾಗಿ ಶಟರು ಬಂದು ಕೂರುವ ಜಾಗಕ್ಕೆ. ಬೆಳಕಿನ ಗೆರೆ ಅದರ ಮೇಲಿಂದ ಹಾದುಹೋಗುವಷ್ಟು ಕೆಳಗೆ. ಶಟರಿನ ತುದಿ ಗೋಣಿಗೆ ತಾಗಿತು, ಅಮೆರಿಕದ ಮರದ ಹಲಗೆಗೆ ತಾಗಿದಂತೆಯೇ ತಾಗಿ, ತನ್ನ ಧರ್ಮಕ್ಕೆ ಸರಿಯಾಗಿ ಹಿಂದಕ್ಕೆ ಸರಿಯಿತು. ಮಗ ಮತ್ತೆ ಕಾರು ತೆಗೆಯುತ್ತಾನೇನೋ, ಚಕ್ರಕ್ಕೆ ಸಿಕ್ಕಿ ಚೀಲ ಹರಿದೀತು ಎಂದು ಅಜ್ಜಿ ಸರಸರ ಅದನ್ನು ಎತ್ತಿ, ಮೊಳೆಗೆ ತಗುಲಿಹಾಕಿ, ಒಳಗೆ ಬಂದರು. ಮೇಷ್ಟ್ರು ಜಗುಲಿಯಿಂದ ಇಳಿದು ಬರುವ ಹೊತ್ತಿಗೆ ಹೊಸ್ತಿಲಲ್ಲಿ ಒಂದು ಗೆರೆ ಒದ್ದೆ ಬಿಟ್ಟರೆ ಏನೂ ಇರಲಿಲ್ಲ.

1962ರ ಬಾಗಿಲಿನ ಸಂದಿಗೂ ಅವರು ಇದನ್ನೇ ಮಾಡಿದ್ದರು. ಆಷಾಢ ಬಂತೆಂದರೆ ನೀರಿನ ಕೊಡಗಳಿಗೆ ಒದ್ದೆಬಟ್ಟೆ ಕಟ್ಟಿ, ಅನ್ನದ ತಪ್ಪಲೆಗೆ ತಟ್ಟೆ ಮುಚ್ಚಿ, ಬಾಗಿಲಡಿಗೆ ಒದ್ದೆ ಗೋಣಿ. ಗಂಡ ಗಣಿಯೊಳಗೆ ಉಸಿರಿನಲ್ಲಿ ಎಳೆದುಕೊಳ್ಳುತ್ತಿದ್ದ ಧೂಳು ಸಾಲದೆಂದು ಮಕ್ಕಳ ಎದೆಗೂ ಅದು ಇಳಿಯಬಾರದು ಎಂದು. ಆಂಡರ್ಸನ್‌ಪೇಟೆಯ ಈ ಮನೆಗೆ ಬಂದ ಮೇಲೂ ಗೋಣಿ ಬಿಡಲಿಲ್ಲ. ಹಳೆಯ ಕೈಶಟರು ಇದ್ದಾಗ ಮೇಷ್ಟ್ರು ಕೊನೆಯ ಒಂದು ಮೊಳವನ್ನು ಕಾಲಲ್ಲಿ ಒತ್ತುತ್ತಿದ್ದರಲ್ಲ, ಗೋಣಿಯೂ ಅದರಡಿ ಅಪ್ಪಚ್ಚಿಯಾಗಿ ಕೂತು, ಗಾಳಿಗೂ ಧೂಳಿಗೂ ದಾರಿಯಿಲ್ಲದಂತೆ ಆಗುತ್ತಿತ್ತು. ಎಷ್ಟು ವರ್ಷ ಆ ಕಾಲಡಿ ಅಮ್ಮನ ಚೀಲವಿತ್ತೆಂದು ಮೇಷ್ಟ್ರಿಗೆ ಅರಿವಾದದ್ದು ಅವತ್ತು.

"ಹೇಳಬಾರದಾ ಅಮ್ಮಾ" ಎಂದರು.

"ನೀನು ಕೇಳಬೇಕಲ್ಲೋ. ಇಬ್ಬರು ಬಂದು ಹೋದರು, ಮೇಲೇ ನೋಡಿದರು. ಕೆಳಗೆ ಯಾರು ನೋಡಿದರು?"

ಹುಡುಗ ಮಾರನೆಯ ದಿನ ಬಂಗಾರಪೇಟೆಯಿಂದ ಎರಡು ಅಂಗುಲ ಅಗಲದ ರಬ್ಬರ್ ಪಟ್ಟಿ ತಂದ. ಶಟರಿನ ಅಡಿಯ ಕಬ್ಬಿಣಕ್ಕೆ ಉದ್ದಕ್ಕೂ ಕೂರಿಸಿ, ಚಾನೆಲ್ಲಿನ ಒಳಬದಿಗೆ ಬ್ರಷ್ಷಿನಂಥ ಎಳೆಯ ಪಟ್ಟಿ ಅಂಟಿಸಿ, ಲಿಮಿಟನ್ನು ಕೂದಲಷ್ಟು ಸರಿಮಾಡಿದ. ಹಳೆಯ ಒಂದೂವರೆ ಇಂಚಿನ ಹಲಗೆ ಅಡ್ಡ ಇಟ್ಟು ಪರೀಕ್ಷೆ ಮಾಡಿದ. ಶಟರು ತಾಗಿ ಹಿಂದೆ ಹೋಯಿತು. ಹಲಗೆ ತೆಗೆದ, ಮುಚ್ಚಿತು. ಕೂಲಿ ಕೇಳಿದರೆ ರಬ್ಬರಿನ ದುಡ್ಡು ಮಾತ್ರ ಹೇಳಿದ. ಮೇಷ್ಟ್ರು ಬಿಡದೆ ಎರಡು ದಿನದ ಕೂಲಿ ಅವನ ಜೇಬಿಗೆ ತುರುಕಿದರು.

ಅಜ್ಜಿ ಆ ಸಂಜೆ ಕಾರಿನ ಪಕ್ಕದಿಂದ ಗೋಡೆ ಹಿಡಿದು ನಡೆದು ಬಂದು, ಮುಚ್ಚಿದ ಶಟರಿನ ಮುಂದೆ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತರು. ಹೊರಗೆ ಆಷಾಢದ ಗಾಳಿ ಪಟ್ಟಿಗಳನ್ನು ಗದಗದ ಅಲುಗಿಸುತ್ತಿತ್ತು. ಅಂಗೈಯನ್ನು ನೆಲಕ್ಕೆ ಸಮನಾಗಿ ಹಿಡಿದು, ರಬ್ಬರಿನ ಅಂಚಿನುದ್ದಕ್ಕೂ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಆಡಿಸಿದರು. ಮಧ್ಯದಲ್ಲಿ ಒಂದು ಕಡೆ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಕಾದರು. ಗಾಳಿ ತಾಗಲಿಲ್ಲ. ಎದ್ದು, ಮೊಳೆಯ ಮೇಲಿನ ಗೋಣಿಯನ್ನು ತೆಗೆದು, ಅದ್ದಿ, ಹಿಂಡಿ, ಸುರುಳಿ ಸುತ್ತಿ, ಶಟರಿನಿಂದ ಒಂದು ಗೇಣು ಒಳಗೆ ಹಾಸಿದರು.